ಗಾಯಕ್ಕೂ ಒಂದು ಗ್ರಾಫ್

“ಗಾಯ ಹೇಗಿದೆ?” ಎಂದು ಕೇಳಿದರೆ ಮನೆಯವರ ಉತ್ತರ ಸಾಮಾನ್ಯವಾಗಿ ಎರಡೇ. “ಪರವಾಗಿಲ್ಲ, ಒಣಗ್ತಾ ಇದೆ” ಅಥವಾ “ಹಾಗೇ ಇದೆ.” ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ಇಷ್ಟು ಸಾಕು, ಕೆಲವು ದಿನಗಳಲ್ಲಿ ಹಕ್ಕಳೆ ಉದುರುತ್ತದೆ. ಆದರೆ ಸಕ್ಕರೆ ಕಾಯಿಲೆಯಿರುವ ಅಜ್ಜನ ಅಂಗಾಲಿನಲ್ಲಿ ತಿಂಗಳಾದರೂ ಮಾಯದ ಹುಣ್ಣಿಗೆ ಕಣ್ಣಂದಾಜು ಸಾಲದು. ಅಲ್ಲಿ ಅಂದಾಜು ತಪ್ಪಿದರೆ ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಗಾಯವನ್ನು ಅಳೆದು, ಅದು ಯಾವಾಗ ಮಾಯುತ್ತದೆಂದು ಮೊದಲೇ ಹೇಳಬಹುದೆ? ಒಂದನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಕಾಂಪಿಯೆನ್ ಊರಿನ ಸೈನಿಕ ಆಸ್ಪತ್ರೆಯಲ್ಲಿ ಈ ಪ್ರಶ್ನೆ ಎದ್ದಿತು. ಅಲ್ಲಿದ್ದವರು 1912ರ ನೊಬೆಲ್ ಪುರಸ್ಕೃತ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್. ಅವರ ಜೊತೆ ಸೇರಿದ ಪಿಯರ್ ಲಕೋಂತ್ ದು ನೂಯ್ ವೈದ್ಯರೇ ಅಲ್ಲ, ಆದರೆ ಲೆಕ್ಕದಲ್ಲಿ ಗಟ್ಟಿಗರು. ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚನ್ನು ಗುರುತಿಸುವುದು, ಅದರ ವಿಸ್ತೀರ್ಣ ಅಳೆಯುವುದು, ಕೆಲವು ದಿನ ಬಿಟ್ಟು ಮತ್ತೆ ಅಳೆಯುವುದು. ಹೀಗೆ ಸಿಕ್ಕ ಅಂಕಿಗಳನ್ನು ಗ್ರಾಫಿನಲ್ಲಿಟ್ಟಾಗ ಒಂದು ನಯವಾದ ವಕ್ರರೇಖೆ ಮೂಡಿತು. ಗಾಯದ ಗಾತ್ರ, ರೋಗಿಯ ವಯಸ್ಸು ಇವೆರಡನ್ನೂ ಸೇರಿಸಿ ದು ನೂಯ್ ಒಂದು ಸೂತ್ರ ಕಟ್ಟಿ 1916ರಲ್ಲಿ ಪ್ರಕಟಿಸಿದರು. ಅಳತೆ ಸೂತ್ರದ ರೇಖೆಯಿಂದ ಮೇಲಕ್ಕೆ ಸರಿದರೆ ಗಾಯಕ್ಕೆ ನಂಜು ತಗುಲಿದೆಯೆಂಬ ಅನುಮಾನ!

ಅವು ಶುಚಿಯಾಗಿಟ್ಟಿದ್ದ ಸೈನಿಕರ ಗಾಯಗಳು. ಮಧುಮೇಹಿಯ ಹುಣ್ಣು ಅಷ್ಟು ವಿಧೇಯವಲ್ಲ. ನರಗಳು ಸೂಕ್ಷ್ಮತೆ ಕಳೆದುಕೊಂಡಿರುವುದರಿಂದ ನೋವೇ ತಿಳಿಯದು. ನೋವಿಲ್ಲವೆಂದು ಅಜ್ಜ ಅದೇ ಕಾಲೂರಿ ಓಡಾಡುತ್ತಾರೆ, ಹುಣ್ಣು ಪ್ರತಿ ಹೆಜ್ಜೆಗೂ ನಜ್ಜುಗುಜ್ಜಾಗುತ್ತದೆ. ಆದರೂ ಅಳೆಯುವ ಪಾಠ ಇಲ್ಲಿಯೂ ಉಪಯೋಗಕ್ಕೆ ಬಂತು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 203 ಮಧುಮೇಹಿಗಳ ಪಾದದ ಹುಣ್ಣುಗಳನ್ನು ಗಮನಿಸಲಾಯಿತು. ನಾಲ್ಕು ವಾರಗಳಲ್ಲಿ ವಿಸ್ತೀರ್ಣ ಅರ್ಧಕ್ಕಿಂತ ತುಸು ಹೆಚ್ಚೇ, ಅಂದರೆ ಶೇ. 53ಕ್ಕೂ ಮೀರಿ ಕುಗ್ಗಿದವರಲ್ಲಿ ಶೇ. 58 ಮಂದಿಗೆ ಹನ್ನೆರಡು ವಾರಗಳೊಳಗೆ ಹುಣ್ಣು ಮಾಯಿತು. ಅಷ್ಟು ಕುಗ್ಗದವರಲ್ಲಿ ಮಾಯಿದ್ದು ಶೇ. 9 ಮಂದಿಗೆ ಮಾತ್ರ.

ಈ “ಅರ್ಧ” ಎಂಬುದು ಕಣ್ಣಿಗೆ ಮೋಸ ಮಾಡುತ್ತದೆ. ಹೈಸ್ಕೂಲು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 4 ಸೆಂ.ಮೀ. ವ್ಯಾಸದ ದುಂಡನೆಯ ಹುಣ್ಣಿನ ವಿಸ್ತೀರ್ಣ ಸುಮಾರು 12.6 ಚದರ ಸೆಂ.ಮೀ. ಅದು ಅರ್ಧವಾಗಲು ವ್ಯಾಸ 2 ಸೆಂ.ಮೀ.ಗೆ ಇಳಿಯಬೇಕಿಲ್ಲ, 2.8ಕ್ಕೆ ಇಳಿದರೆ ಸಾಕು. “ಏನೂ ಕಮ್ಮಿಯಾಗಿಲ್ಲ” ಎಂದು ಮನೆಯವರು ಕೈಚೆಲ್ಲುವ ಹುಣ್ಣು ನಿಜಕ್ಕೂ ಚೆನ್ನಾಗಿಯೇ ಮಾಯುತ್ತಿರಬಹುದು. ಇನ್ನೊಂದು ಗೊಂದಲವೂ ಉಂಟು. ವೈದ್ಯರು ಸತ್ತ ಚರ್ಮವನ್ನು ಕತ್ತರಿಸಿ ತೆಗೆದ ದಿನ ಹುಣ್ಣು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತದೆ. ಆಗ ಗಾಬರಿಪಟ್ಟು ವೈದ್ಯರನ್ನೇ ಬದಲಾಯಿಸುವವರಿದ್ದಾರೆ. ಅಳತೆ ಶುರುವಾಗಬೇಕಾದದ್ದೇ ಅಲ್ಲಿಂದ.

ಅಂಚು ಗುರುತಿಸುವ ಕೆಲಸ ಆಸ್ಪತ್ರೆಯ ದಾದಿಯರದು. ಶುಚಿಯಾದ ಎರಡು ಪದರದ ಹಾಳೆಯಲ್ಲಿ ಗುರುತಿಸಿ, ಗಾಯಕ್ಕೆ ತಾಗಿದ ಕೆಳಪದರವನ್ನು ಎಸೆಯುತ್ತಾರೆ. ಮೇಲಿನದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸುವ ಕೆಲಸವನ್ನು ಮೊಮ್ಮಗಳು ಮಾಡಬಹುದು. ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕಕ್ಕೆ ಒಂದು, ಕಡಿಮೆಯಿದ್ದರೆ ಸೊನ್ನೆ, ಶಾಲೆಯಲ್ಲಿ ಕಲಿತದ್ದೇ. ಪ್ರತಿ ಹಾಳೆಗೂ ತಾರೀಖು ಬೇಕು.

ನಾಲ್ಕು ವಾರಕ್ಕೆ ಅರ್ಧಕ್ಕಿಳಿಯದಿದ್ದರೆ ಅದು ಕಾಲಿನ ಹಣೆಬರಹವಲ್ಲ. ಚಿಕಿತ್ಸೆಯನ್ನು ಮತ್ತೆ ಮೊದಲಿನಿಂದ ಪರಿಶೀಲಿಸಬೇಕೆಂಬ ಸೂಚನೆ. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೆ, ಮೂಳೆಗೆ ನಂಜು ಇಳಿದಿದೆಯೆ, ಹುಣ್ಣಿನ ಮೇಲೆ ಭಾರ ಬೀಳುತ್ತಿದೆಯೆ, ರಕ್ತದ ಸಕ್ಕರೆ ಹತೋಟಿಯಲ್ಲಿದೆಯೆ ಎಂದು ವೈದ್ಯರು ಆಗ ನೋಡುತ್ತಾರೆ. ಸುತ್ತ ಕೆಂಪೇರಿದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಮಾತ್ರ ಈ ನಾಲ್ಕು ವಾರದ ಲೆಕ್ಕ ನಡೆಯದು. ಅರಿಸಿನ ಮೆತ್ತುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಅದೂ ಆ ಕಾಲೂರಿ ನಡೆಯದೆ.