ಮರ, ಮೋಡ ಮತ್ತು ಅಂತರ್ಜಲ: ಸ್ಕಂದಗಿರಿ ಸೀಮೆಯ ನೀರಿನ ಜಮಾ-ಖರ್ಚು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ಕುಡಿಯುವ ನೀರು ಮತ್ತು ವ್ಯವಸಾಯ ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ಅವಲಂಬಿಸಿವೆ. ಈ ಹಿನ್ನೆಲೆಯಲ್ಲಿ ‘ಮರ ಬೆಳೆಸಿದರೆ ನೀರು ಹೆಚ್ಚುತ್ತದೆ’ ಎಂಬ ಸಾಮಾನ್ಯ ಭಾವನೆಯನ್ನು ಅಂಕಿ-ಅಂಶಗಳ ಆಧಾರದ ಮೇಲೆ ಪರಿಶೀಲಿಸುವುದು ಅಗತ್ಯವಾಗಿದೆ.

ಶಾಖದ ಹಂಚಿಕೆ

ನೆಲಕ್ಕೆ ದೊರೆಯುವ ಸೂರ್ಯನ ಶಾಖವು ಮುಖ್ಯವಾಗಿ ಎರಡು ಬಾಬ್ತುಗಳಲ್ಲಿ ವೆಚ್ಚವಾಗುತ್ತದೆ. ಒಂದು ಭಾಗ ಗಾಳಿಯನ್ನು ಬಿಸಿ ಮಾಡಿದರೆ, ಇನ್ನೊಂದು ಭಾಗ ಮಣ್ಣು ಮತ್ತು ಎಲೆಗಳ ನೀರನ್ನು ಆವಿಯಾಗಿಸುತ್ತದೆ. ಸ್ಕಂದಗಿರಿಯ ಬರಿ ಬಂಡೆಯ ಮೇಲೆ ಮೊದಲನೆಯದು ಹೆಚ್ಚು; ದಟ್ಟ ಕಾಡಿನಲ್ಲಿ ಎರಡನೆಯದು ಹೆಚ್ಚು. ಈ ಹಂಚಿಕೆಯನ್ನು ಗಣಿತದ ಮೂಲಕ ಅಂದಾಜು ಮಾಡುವ ವಿಧಾನಕ್ಕೆ ‘ಮಾದರಿ’ ಎನ್ನಲಾಗುತ್ತದೆ.

ಬೇರಿನ ಆಳ

ಪೂರ್ವ ಅಮೆಜಾನ್‌ನ ಮಳೆಕಾಡುಗಳು 8 ಮೀಟರ್‌ಗೂ ಹೆಚ್ಚಿನ ಆಳದಿಂದ ನೀರೆತ್ತಿ, ಐದು ತಿಂಗಳ ಒಣಹಂಗಾಮಿನಲ್ಲಿಯೂ ಆವಿ ಬಿಡುತ್ತವೆಂದು 1994ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆದುದರಿಂದ ಮೇಲ್ಮಣ್ಣನ್ನು ಮಾತ್ರ ಪರಿಗಣಿಸುವ ಮಾದರಿಯು ತಪ್ಪು ಲೆಕ್ಕ ನೀಡುತ್ತದೆ.

ನಮ್ಮ ಸಮೀಪದ ಹೊಸಕೋಟೆಯ ನಿದರ್ಶನವೂ ಇದನ್ನೇ ದೃಢಪಡಿಸುತ್ತದೆ. ಅಲ್ಲಿನ ಆಳವಾದ ಮಣ್ಣಿನ ಜಮೀನಿನಲ್ಲಿ ಮೂರು ವರ್ಷ ಬಿದ್ದ ಮಳೆ 2,100 ಮಿ.ಮೀ.; ನೀಲಗಿರಿ ಮರಗಳು ಬಳಸಿದ ನೀರು 3,400 ಮಿ.ಮೀ. ಎಂದು 1997ರಲ್ಲಿ ವರದಿಯಾಯಿತು. ಕೊರತೆಯ 1,300 ಮಿ.ಮೀ. ಎಂದರೆ ಹೆಕ್ಟೇರಿಗೆ 1 ಕೋಟಿ 30 ಲಕ್ಷ ಲೀಟರ್. ಇದು ಹಿಂದಿನ ವರ್ಷಗಳಲ್ಲಿ ಮಣ್ಣಿನಾಳದಲ್ಲಿ ಉಳಿದಿದ್ದ ಠೇವಣಿ. ಆದರೆ ಅದೇ ಸಂಶೋಧನೆಯಲ್ಲಿ, ಮಣ್ಣು ಸುಮಾರು 3 ಮೀಟರ್ ಮಾತ್ರ ಆಳವಿದ್ದ ಕಡೆ ನೀಲಗಿರಿಯ ಬಳಕೆಯು ಸ್ಥಳೀಯ ಎಲೆಯುದುರುವ ಕಾಡಿಗಿಂತ ಹೆಚ್ಚಿರಲಿಲ್ಲ.

ಆವಿ ಮರಳುವುದೇ?

ಅಮೆಜಾನ್ ಅತಿ ವಿಶಾಲವಾದುದರಿಂದ ಅಲ್ಲಿನ ಆವಿಯ ಒಂದು ಭಾಗ ಅದೇ ಕಾಡಿನ ಮೇಲೆ ಮಳೆಯಾಗಿ ಮರಳುತ್ತದೆ. ನಮ್ಮ ಸಣ್ಣ ನೆಡುತೋಪುಗಳ ಆವಿ ಗಾಳಿಯೊಡನೆ ದೂರ ಸಾಗುವುದರಿಂದ ಅದು ಇಲ್ಲಿಯೇ ಮಳೆಯಾಗುವ ಖಾತರಿಯಿಲ್ಲ. ಚಳಿಗಾಲದ ಮುಂಜಾನೆ ಸ್ಕಂದಗಿರಿಯ ಕೆಳಗೆ ಕಾಣುವ ಮಂಜು ಕೂಡ ರಾತ್ರಿಯ ತಂಪಿಗೆ ಸಾಂದ್ರಗೊಂಡ ತೇವಾಂಶವಾಗಿದ್ದು, ಬಿಸಿಲೇರಿದಂತೆ ಕರಗುತ್ತದೆ. ಅದನ್ನು ಜಮೆಯೆಂದು ಭಾವಿಸಲಾಗದು.

ಸಾರಾಂಶ

ರಾಜ್ಯ ಸರ್ಕಾರವು 2017ರಲ್ಲಿ ನೀಲಗಿರಿ ಮತ್ತು ಅಕೇಸಿಯಾ ಬೆಳೆಸುವುದನ್ನು ನಿಷೇಧಿಸಿತು. ಆದಾಗ್ಯೂ ಒಂದು ಜಾತಿಯನ್ನು ಕೈಬಿಟ್ಟ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಮರಗಳು ನೆರಳು, ತಂಪು ಮತ್ತು ಮಣ್ಣಿನ ರಕ್ಷಣೆ ನೀಡುತ್ತವೆ. ಅದಕ್ಕೆ ನೀರಿನ ವೆಚ್ಚವೂ ಇದೆ. ಸಸಿ ನೆಡುವ ಮುನ್ನ ಮಣ್ಣಿನ ಆಳ, ಬೇರಿನ ಸ್ವಭಾವ ಹಾಗೂ ಸಮೀಪದ ಕೊಳವೆಬಾವಿಗಳ ಸ್ಥಿತಿಯನ್ನು ಒಟ್ಟಿಗೆ ಪರಿಗಣಿಸುವುದು ಸೂಕ್ತವೆಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.