ನಿರುದ್ಯೋಗಿಯ ಹೆಬ್ಬೆಟ್ಟಿಗೆ ಕಾವಲು ಯಾರು?

ಕೆಂಗೇರಿಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಬಸ್ಸು. ಬೆಳಗಿನ ಹೊತ್ತು, ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನಲ್ಲೇ ಕಂಡಕ್ಟರ್ ಬರುತ್ತಾನೆ. "ಕಾರ್ಡ್ ತೋರ್ಸಮ್ಮಾ" ಎನ್ನುತ್ತಾನೆ. ಆಕೆ ಆಧಾರ್ ಕಾರ್ಡು ಎತ್ತಿ ಹಿಡಿಯುತ್ತಾಳೆ. ಒಂದು ಸಲ ಮುಖ, ಒಂದು ಸಲ ಕಾರ್ಡು ನೋಡಿ, ಶೂನ್ಯ ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋಗುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಎಲ್ಲರೂ ಕಂಡಿರುವ ನೋಟ ಇದು. ಕಂಡಕ್ಟರ್ ಜೆರಾಕ್ಸ್ ಕೇಳುವುದಿಲ್ಲ, ಫೋಟೋ ಹೊಡೆದುಕೊಳ್ಳುವುದಿಲ್ಲ, ಹೆಬ್ಬೆಟ್ಟು ಒತ್ತಿಸುವುದಿಲ್ಲ. ಗುರುತು ನೋಡಿದ್ದಾಯಿತು, ಕೆಲಸ ಮುಗಿಯಿತು.

ಅದೇ ತಾಯಿಯ ಮಗ ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದಾನೆ ಎಂದಿಟ್ಟುಕೊಳ್ಳಿ. ಅವನು ತನ್ನ ಗುರುತನ್ನು ಎಷ್ಟು ಬಾಗಿಲಲ್ಲಿ ಬಿಟ್ಟು ಬರಬೇಕು, ಲೆಕ್ಕ ಹಾಕಿದವರುಂಟೇ?

ಭತ್ಯೆಯೂ ಬೇಕು, ತಪಾಸಣೆಯೂ ಬೇಕು

ರಾಜ್ಯ ಸರ್ಕಾರದ ಯುವನಿಧಿಗೆ 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಂಚಿಕೆಗೆ ಚಾಲನೆ ಸಿಕ್ಕಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವನಿಗೆ 1500. ಅದೂ ಹೆಚ್ಚೆಂದರೆ ಎರಡು ವರ್ಷ. ಇದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು, ಅಂಕಪಟ್ಟಿ ಹೊಂದಿಕೆಯಾಗಬೇಕು. ಅಷ್ಟಕ್ಕೇ ಮುಗಿಯದು. "ನನಗಿನ್ನೂ ಕೆಲಸ ಸಿಕ್ಕಿಲ್ಲ, ಸ್ವಂತ ಉದ್ಯೋಗವೂ ಇಲ್ಲ, ಮುಂದೆ ಓದುತ್ತಲೂ ಇಲ್ಲ" ಎಂದು ಮತ್ತೆ ಮತ್ತೆ ಘೋಷಣೆ ಮಾಡುತ್ತಿರಬೇಕು.

ದುಡಿಯುತ್ತಿದ್ದು ಕೆಲಸ ಕಳೆದುಕೊಂಡವರ ದಾರಿ ಬೇರೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಗೊತ್ತಿಲ್ಲದ ಕಾರ್ಮಿಕ ಈ ಭಾಗದಲ್ಲಿಲ್ಲ. ಆದರೆ ಅದೇ ಇಎಸ್‌ಐಯಲ್ಲಿ 2018ರ ಜುಲೈನಿಂದ ಅಟಲ್ ಹೆಸರಿನ ನಿರುದ್ಯೋಗ ಪರಿಹಾರವೊಂದು ಬಂದಿದೆ ಎಂಬುದು ಪೀಣ್ಯದ, ಕಾಮಾಕ್ಷಿಪಾಳ್ಯದ ಎಷ್ಟು ಮಂದಿಗೆ ಗೊತ್ತು? ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗವಿತ್ತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅದನ್ನು ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ಅಲ್ಲಿಯೂ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಬೇಕೇ ಬೇಕು.

ತಪಾಸಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಬೊಕ್ಕಸದ ದುಡ್ಡು ಕಂಡವರ ಪಾಲಾಗಬಾರದು. ಅಮೆರಿಕದಲ್ಲಿ ಕೊರೋನಾ ವೇಳೆ ನಿರುದ್ಯೋಗ ಭತ್ಯೆಯನ್ನು ಕಂಡಾಪಟ್ಟೆ ಹಂಚಿದರು. ಕಳ್ಳರು ಬೇರೆಯವರ ಹೆಸರಿನಲ್ಲಿ ಅರ್ಜಿ ಹಾಕಿ ದೋಚಿದರು. ಮೋಸ ಹೋದ ಮೊತ್ತ 100ರಿಂದ 135 ಬಿಲಿಯನ್ ಡಾಲರ್ ಇರಬಹುದೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ 2023ರಲ್ಲಿ ಅಂದಾಜು ಮಾಡಿದರು. ಆದ್ದರಿಂದ ಗುರುತು ಕೇಳುವುದು ಸರಿ. ಕೇಳಿ ಪಡೆದ ಗುರುತನ್ನು ಕಾಯುವವರು ಯಾರು ಎಂಬುದೇ ಪ್ರಶ್ನೆ.

ಕೆಲಸ ಕೇಳಿದವನು 'ಮಾಲೀಕ'ನಾದ!

ಕೆಲಸವಿಲ್ಲದವನ ಕಾಗದಪತ್ರಕ್ಕೆ ಕಳ್ಳ ಮಾರುಕಟ್ಟೆಯಲ್ಲಿ ಭಾರೀ ಬೆಲೆ. "ಕೆಲಸ ಗ್ಯಾರಂಟಿ ತಮ್ಮಾ, ಆಧಾರು, ಪ್ಯಾನು, ಒಂದು ಫೋಟೋ ಕಳ್ಸು, ಒಟಿಪಿ ಬಂದ್ರೆ ಹೇಳು" ಎಂಬ ಮಾತಿಗೆ ಹುಡುಗರು ಬೀಳುತ್ತಾರೆ. ಕೆಲಸ ಬರುವುದಿಲ್ಲ. ಅವನ ಹೆಸರಿನಲ್ಲಿ ಜಿಎಸ್‌ಟಿ ನಂಬರು ಹುಟ್ಟುತ್ತದೆ, ಬೋಗಸ್ ಬಿಲ್ಲುಗಳು ಓಡಾಡುತ್ತವೆ. ಇದು ಕಟ್ಟುಕಥೆಯಲ್ಲ. ಇಂಥ ನಕಲಿ ನೋಂದಣಿಗಳನ್ನು ಹಿಡಿಯಲೆಂದೇ 2023ರ ಮೇ 16ರಿಂದ ಎರಡು ತಿಂಗಳು ದೇಶದಾದ್ಯಂತ ತೆರಿಗೆ ಅಧಿಕಾರಿಗಳು ವಿಶೇಷ ಕಾರ್ಯಾಚರಣೆ ನಡೆಸಿದರು. 2024ರಲ್ಲಿ ಮತ್ತೊಮ್ಮೆ ನಡೆಸಬೇಕಾಯಿತು.

ಇದರ ಪೆಟ್ಟು ಹೇಗಿರುತ್ತದೆ ನೋಡಿ. ಸ್ವಂತ ಉದ್ಯೋಗ ಇದ್ದವನಿಗೆ ಯುವನಿಧಿ ಇಲ್ಲ. ಜೇಬಿನಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದ ಹುಡುಗ ಕಾಗದದ ಮೇಲೆ ಲಕ್ಷಾಂತರ ವಹಿವಾಟಿನ ಮಾಲೀಕ! "ನಾನು ವ್ಯಾಪಾರಿಯಲ್ಲ" ಎಂದು ಅವನು ಯಾರಿಗೆ, ಏನು ತೋರಿಸಿ ನಂಬಿಸಬೇಕು? ಮೋಸಗಾರ ಸಿಕ್ಕಿಬೀಳುವ ಮೊದಲು ನೋಟೀಸು ಬರುವುದು ಈ ಬಡಪಾಯಿಯ ಮನೆಗೆ.

ಇನ್ನು ಹೆಬ್ಬೆಟ್ಟಿನ ಕಥೆ. 2023ರಲ್ಲಿ ಇದೇ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಮಾಯವಾಯಿತು. ನೋಂದಣಿ ಪತ್ರದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ನಕಲು ಮಾಡಿ, ಆಧಾರ್ ಆಧರಿಸಿದ ಪಾವತಿ ವ್ಯವಸ್ಥೆಯಲ್ಲಿ ದುಡ್ಡು ಎಳೆದಿದ್ದರು. ಆ ವ್ಯವಸ್ಥೆಗೆ ಒಟಿಪಿ ಬೇಡ, ಕಾರ್ಡೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ದೂರುಗಳು ಬಂದ ಮೇಲೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಡುವ ಏರ್ಪಾಟಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! ಪಾಸ್‌ಬುಕ್ಕು ಕಳೆದರೆ ಇನ್ನೊಂದು ಕೊಡುತ್ತಾರೆ. ಹೆಬ್ಬೆಟ್ಟು ಕಳುವಾದರೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರುವುದು?

ಕೊಟ್ಟ ಎಚ್ಚರಿಕೆ, ವಾಪಸ್ ಪಡೆದ ಎಚ್ಚರಿಕೆ

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿ ಬಳಸಿ ಎಂಬುದು ಅದರ ಸಾರ. ಜನ ತಪ್ಪು ತಿಳಿಯಬಹುದೆಂದು ಎರಡೇ ದಿನದಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು. ಮಾಮೂಲಿ ಎಚ್ಚರಿಕೆ ಇದ್ದರೆ ಸಾಕು ಎಂದಿತು. ಸರಿ, ಆದರೆ ಕೌಂಟರಿನಲ್ಲಿ ಕೂತವರು "ಪೂರ್ತಿ ಜೆರಾಕ್ಸ್ ಕೊಡಿ, ಇಲ್ದಿದ್ರೆ ಅರ್ಜಿ ತಗೊಳಲ್ಲ" ಎಂದರೆ ಅರ್ಜಿದಾರನ ಎಚ್ಚರಿಕೆ ಎಲ್ಲಿ ನಡೆಯುತ್ತದೆ?

ಹಿಂದೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡಿನ ಕಾಲದಲ್ಲಿ ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆದವರು ರಾಜಾಜಿನಗರದಲ್ಲಿ ಇನ್ನೂ ಇದ್ದಾರೆ. ಅಲೆದಾಟ ಇತ್ತು, ನಿಜ. ಆದರೆ ಆ ಕಾರ್ಡು ಕದ್ದವನು ಇವರ ಬ್ಯಾಂಕಿನ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ. ಈಗ ಒಂದೇ ಬೀಗದ ಕೈಗೆ ಹತ್ತು ಮನೆ.

ಮೋಸ ಹೋದರೆ ಏನು ಮಾಡಬೇಕು?

ಮೊದಲ ಕೆಲಸ, 1930ಕ್ಕೆ ಫೋನು. ಇದು ಸೈಬರ್ ವಂಚನೆಯ ಸಹಾಯವಾಣಿ. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಹಕನ ತಪ್ಪಿಲ್ಲದೆ, ಹೊರಗಿನವರ ಮೋಸದಿಂದ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಅವನ ತಲೆಗೆ ಬರಬಾರದೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ಮೂರು ದಿನ ಎಂಬುದು ನೆನಪಿರಲಿ. ಪೊಲೀಸ್ ಠಾಣೆಯಲ್ಲಿ "ನಮ್ ವ್ಯಾಪ್ತಿ ಅಲ್ಲ" ಎಂದರೆ ಹೆದರಿ ಬರಬೇಕಿಲ್ಲ. ಬೇರೆಯವರ ಗುರುತು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ.

ಬೆರಳಚ್ಚಿಗೆ ಬೀಗ ಹಾಕುವ ಅನುಕೂಲ ಆಧಾರ್ ಆ್ಯಪಿನಲ್ಲೇ ಇದೆ. ನ್ಯಾಯಬೆಲೆ ಅಂಗಡಿಗೆ ಹೋಗುವಾಗ ತೆರೆದು, ಮತ್ತೆ ಹಾಕಿದರಾಯಿತು. ತಿಳಿಯದಿದ್ದರೆ 1947ಕ್ಕೆ ಕೇಳಬಹುದು. ತನ್ನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ಸಂಚಾರ ಸಾಥಿಯಲ್ಲಿ ಸಿಗುತ್ತದೆ. ತನ್ನ ಪ್ಯಾನ್ ಮೇಲೆ ಜಿಎಸ್‌ಟಿ ನಂಬರು ಇದೆಯೇ ಎಂಬುದು ಜಿಎಸ್‌ಟಿ ಜಾಲತಾಣದಲ್ಲಿ ಕಾಣುತ್ತದೆ. ಕೆಲಸ ಹುಡುಕುವವರು ಆಗಾಗ ನೋಡಿಕೊಳ್ಳುವುದು ಒಳ್ಳೆಯದು. "ಖಾತೆ ಬಾಡಿಗೆ ಕೊಡು, ತಿಂಗಳಿಗೆ ಇಷ್ಟು" ಎಂದು ಬಂದವನನ್ನಂತೂ ಬಾಗಿಲಿಂದಲೇ ಅಟ್ಟಬೇಕು. ಅದರಲ್ಲಿ ಹರಿಯುವುದು ಕದ್ದ ಹಣ, ಪೊಲೀಸರು ಹುಡುಕಿ ಬರುವುದು ಖಾತೆದಾರನನ್ನು.

ಅಂಗಡಿಯವರಿಗೂ ಒಂದು ಮಾತು

ಕೆಟ್ಟುಹೋದ ಜೆರಾಕ್ಸ್ ಪ್ರತಿಗಳು ಬೋಂಡ ಕಟ್ಟುವ ಕಾಗದವಾಗಬಾರದು. ಹರಿದು ಹಾಕಲು ಅರೆ ನಿಮಿಷ ಸಾಕು. ವಾಟ್ಸಾಪಿನಲ್ಲಿ ತರಿಸಿ ಪ್ರಿಂಟು ಹೊಡೆದ ಕಾರ್ಡನ್ನು ಗಿರಾಕಿಯ ಎದುರಿಗೇ ಅಳಿಸಲಿ. ಅಂಗಡಿಗೆ ಹುಡುಗನನ್ನು ಸೇರಿಸಿಕೊಳ್ಳುವವರು ಪ್ರತಿ ಪಡೆದರೆ ಅದರ ಮೇಲೆ ತಾರೀಖು, ಯಾವ ಕೆಲಸಕ್ಕೆ ಎಂಬುದನ್ನು ಅವನ ಕೈಯಲ್ಲೇ ಬರೆಸಿ ಇಡಲಿ.

ಸರ್ಕಾರ ಮಾಡಬೇಕಾದದ್ದೂ ಬಹಳವೇನಲ್ಲ. ಅರ್ಜಿ ತೆಗೆದುಕೊಳ್ಳುವ ಪ್ರತಿ ಕೌಂಟರಿನಲ್ಲೂ 1930 ಎಂದು ದಪ್ಪಕ್ಷರದ ಬೋರ್ಡು ಹಾಕಲಿ. ಆನ್‌ಲೈನಿನಲ್ಲಿ ತಪಾಸಣೆಯಾದ ಮೇಲೆ ಕಾಗದದ ಪ್ರತಿ ಕೇಳುವ ಚಟ ಬಿಡಲಿ. ಗುರುತು ಕಳುವಾಗಿದೆ ಎಂದು ಪೊಲೀಸ್ ದೂರಿನ ಸಮೇತ ಬಂದವನ ಭತ್ಯೆಯನ್ನು ತನಿಖೆಯ ಹೆಸರಿನಲ್ಲಿ ನಿಲ್ಲಿಸದಿರಲಿ. ಎರಡು ವರ್ಷದ ಭತ್ಯೆ ಅದು. ಆರು ತಿಂಗಳು ಕಚೇರಿ ಸುತ್ತುವುದರಲ್ಲೇ ಹೋದರೆ ಹುಡುಗನಿಗೆ ಉಳಿಯುವುದೇನು?

ತಾನು ಯಾರೆಂದು ನಿರುದ್ಯೋಗಿ ನೂರು ಸಲ ಸಾಬೀತು ಮಾಡುತ್ತಾನೆ. ಅವನು ಕೊಟ್ಟ ಗುರುತು ಸುರಕ್ಷಿತವಾಗಿದೆ ಎಂದು ಕಚೇರಿಗಳು ಒಂದು ಸಲವಾದರೂ ಸಾಬೀತು ಮಾಡಬೇಡವೇ? ದಾರಿ ಗೊತ್ತಿಲ್ಲದಿದ್ದರೆ ಸಾಹೇಬರು ಒಂದು ದಿನ ಕಾರು ಬಿಟ್ಟು ಕೆಂಗೇರಿ ಬಸ್ಸು ಹತ್ತಲಿ. ನೋಡಿ ವಾಪಸ್ ಕೊಡುವುದು ಹೇಗೆಂದು ಕಂಡಕ್ಟರ್ ತೋರಿಸಿಕೊಡುತ್ತಾನೆ.