ಒಡೆದ ಹೆಂಚಿನ ಬೆಳಕು

ಮಲೆನಾಡಿನ ಕೊಟ್ಟಿಗೆಯ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಚಳಿಗಾಲದ ಬೆಳಗು, ಒಳಗೆ ತೆಳು ಹೊಗೆ, ಮಾಡಿನಿಂದ ಓರೆಯಾಗಿ ಇಳಿದ ಬಿಸಿಲುಕೋಲು, ಅದರಡಿ ಮೆಲುಕು ಹಾಕುವ ಹಸು. ಕೆಳಗೆ 'ನಮ್ಮ ಹಳ್ಳಿಯ ಸೊಬಗು' ಎಂಬ ಒಕ್ಕಣೆ. ಲೈಕುಗಳಿಗೇನೂ ಬರವಿಲ್ಲ.

ಆ ಬಿಸಿಲುಕೋಲು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ದೀರಾ? ಹೆಂಚು ಒಡೆದಿದೆ ಸ್ವಾಮಿ. ಮಂಗ ಹಾರಿಯೋ ಕೊಂಬೆ ಬಿದ್ದೋ ಒಡೆದದ್ದು. ಡಿಸೆಂಬರಿನಲ್ಲಿ ಬೆಳಕು ಇಳಿಯುವ ಅದೇ ತೂತಿನಿಂದ ಆಷಾಢದಲ್ಲಿ ನೀರು ಇಳಿಯುತ್ತದೆ. ಹಾಸಿದ ಸೊಪ್ಪು ಕೆಸರಾಗುತ್ತದೆ, ದನದ ಗೊರಸಿನಲ್ಲಿ ಹುಣ್ಣಾಗುತ್ತದೆ. ಆಗ ಒಂದೇ ಒಂದು ಕ್ಯಾಮೆರಾ ಅತ್ತ ಸುಳಿಯುವುದಿಲ್ಲ.

ಬೇರೆಯವರ ಮಾತೇಕೆ, ನಾನೂ ಅಂಥ ಫೋಟೋ ತೆಗೆದವನೇ. ದೊಡ್ಡಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ಹಸುವನ್ನೂ ನೋಡಲಿಲ್ಲ, ಬೆಳಕನ್ನೂ ನೋಡಲಿಲ್ಲ. "ಅಯ್ಯೋ, ಆ ಮೂಲೆ ಪಕಾಸಿಗೂ ಗೆದ್ದಲು ಹತ್ತಿದ್ಯಲ್ಲೋ" ಅಂದರು. ಮೂರು ದಿನ ಕಾದು ತೆಗೆದ ನನಗೆ ಕಾಣದ ಸುದ್ದಿ ಅವರಿಗೆ ಅರೆಕ್ಷಣದಲ್ಲಿ ಕಂಡಿತ್ತು. ಪತ್ರಿಕೋದ್ಯಮ ಓದಿದವನು ಮಾತ್ರ ನಾನು!

ಕಲೆ ಬೇರೆ, ವರದಿ ಬೇರೆ ಎನ್ನುವವರಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ಬಡ ರೈತರ ಚಿತ್ರ ತೆಗೆದ ಡೊರೊಥಿಯಾ ಲ್ಯಾಂಗ್ ಅವರು ಜನ ಆಡಿದ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಅದರಿಂದ ಆ ಚಿತ್ರಗಳ ತೂಕ ಹೆಚ್ಚಿತೇ ಹೊರತು ಅಂದ ಕೆಡಲಿಲ್ಲ. ಇನ್ನು ಕೆಲವರು ಮೊನೆಯ ಬಣವೆಗಳನ್ನು ತೋರಿಸುತ್ತಾರೆ. ಸರಿ, 1890-91ರಲ್ಲಿ ಅವನು ಒಂದೇ ಬಗೆಯ ಬಣವೆಗಳನ್ನು ಮತ್ತೆ ಮತ್ತೆ ಚಿತ್ರಿಸಿದ. ಹಿಮ ಬಿದ್ದಾಗಲೂ ಬಿಡಲಿಲ್ಲ. ನಮ್ಮವರು ಜೂನ್ ಬಂತೆಂದರೆ ಕ್ಯಾಮೆರಾ ಚೀಲದ ಜಿಪ್ ಎಳೆಯುತ್ತಾರೆ.

ಬೆಳಕು ಹಿಡಿಯಬೇಡಿ ಅಂತಲ್ಲ. ವರ್ಷವಿಡೀ ಹಿಡಿಯಿರಿ. ದೀಪಾವಳಿಯ ಗೋಪೂಜೆಯಂದು ಹೋದವರು ಜುಲೈಯ ಮಳೆಯಲ್ಲಿ ಸಗಣಿ ಬಾಚುವ ಹೊತ್ತಿಗೂ ಹೋಗಿ, ಬೇಸಿಗೆಯಲ್ಲಿ ದರಗು ಹೊತ್ತು ತರುವಾಗಲೂ ಹೋಗಿ. ಬಾಚುವವರು ಯಾರು, ಹೋದ ವರ್ಷ ಎಷ್ಟು ದನವಿತ್ತು, ಹುಲ್ಲು ಗದ್ದೆಯದ್ದೋ ಕೊಂಡದ್ದೋ, ಕೇಳಿ ಬರೆಯಿರಿ. ತಗಡಿನ ಕೊಟ್ಟಿಗೆ ಚಂದವಿಲ್ಲ ಎಂದು ದಾಟಿ ಹೋಗಬೇಡಿ. ಅದು ಸೋರುವುದಿಲ್ಲ.

ದೊಡ್ಡಮ್ಮನ ಕೊಟ್ಟಿಗೆಗೂ ಈ ಮಳೆಗಾಲಕ್ಕೆ ಮುಂಚೆ ತಗಡು ಬಂತು. ಬಿಸಿಲುಕೋಲು ಹೋಯಿತು. ಎರಡು ಹಸುಗಳು ಒಣನೆಲದಲ್ಲಿ ಮಲಗಿರುವ ಫೋಟೋ ಹಾಕಿದೆ. ಹನ್ನೊಂದು ಲೈಕು, ಅದರಲ್ಲಿ ನಾಲ್ಕು ಮನೆಯವರದ್ದೇ.